ಬಾಕ್ಸಿಗೆ ಎರಡು ಸಾವಿರ

(ಕೋಲಾರದಲ್ಲಿ ಡಿಗ್ರಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಹಿಂದಿನ ಸಾಲುಗಳಲ್ಲಿ ಒಂದಷ್ಟು ರೈತರೂ ಕೂತಿದ್ದರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರದ ಮಾತು ಅಂತ ಆಹ್ವಾನದಲ್ಲಿ ಹಾಕಿದ್ದಾರೆ. ಹೆದರಬೇಡಿ. ಬೋರ್ಡು, ಸೀಮೆಸುಣ್ಣ ಎರಡೂ ಬೇಡ ಅಂತ ಮೊದಲೇ ಹೇಳಿದ್ದೇನೆ. ಟೊಮೆಟೊದಿಂದ ಶುರು ಮಾಡೋಣ.

2023ರ ಜುಲೈ ನಿಮಗೆ ನೆನಪಿರಬೇಕು. ನಮ್ಮ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿತ್ತು. ದಿನಾ ಟಿವಿಯವರ ಗಾಡಿ ಬಂದು ನಿಲ್ಲುತ್ತಿತ್ತು. ಆಗ ಒಂದು ದಿನ ನಾನು ಮುಳಬಾಗಿಲಿನ ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದವರ ಕೈ ನೋಡಿದರೇ ಟೊಮೆಟೊ ಗಿಡ ಕಟ್ಟಿದವರು ಅಂತ ಗೊತ್ತಾಗುತ್ತಿತ್ತು. "ಏನು ಯಜಮಾನ್ರೇ, ಬಾಕ್ಸಿಗೆ ಎರಡು ಸಾವಿರವಂತಲ್ಲ" ಅಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. "ಯಾವತ್ತು? ಯಾರ ಮಂಡೀಲಿ? ಆ ರೇಟಿಗೆ ಎಷ್ಟು ಬಾಕ್ಸು ಹೋಯ್ತು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ದು ಆಗ ಕಟಾವೇ ಇರಲಿಲ್ಲ ಬಿಡಿ ಸಾರ್" ಅಂದರು.

ನಾನು ಬಹಳ ವರ್ಷ ಪಾಠ ಮಾಡಿದ್ದೇನೆ. ಅಂಕಿಅಂಶದ ಬಗ್ಗೆ ಇಷ್ಟು ಚೆನ್ನಾಗಿರೋ ಮೂರು ಪ್ರಶ್ನೆ ಒಂದೇ ಉಸಿರಿನಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ.

ಎಪಿಎಂಸಿಯ ದಿನದ ರೇಟಿನ ಪಟ್ಟಿ ನೋಡಿ. ಅದರಲ್ಲಿ ಮೂರು ರೇಟು ಇರುತ್ತವೆ. ಕನಿಷ್ಠ, ಗರಿಷ್ಠ, ಆಮೇಲೆ ಮಾದರಿ. ಮಾದರಿ ಅಂದರೆ ಅವತ್ತು ಜಾಸ್ತಿ ಮಾಲು ಯಾವ ರೇಟಿಗೆ ಹೋಯಿತೋ ಅದು. ಟಿವಿಯಲ್ಲಿ ಬರೋದು ಗರಿಷ್ಠ. ರೈತ ಲೆಕ್ಕ ಹಾಕೋದು ಮಾದರಿ ರೇಟಿನಲ್ಲಿ. ಗರಿಷ್ಠ ರೇಟು ಸುಳ್ಳಲ್ಲ. ಯಾರದೋ ಒಂದು ಲಾಟು ನಿಜವಾಗಿಯೂ ಆ ರೇಟಿಗೆ ಹರಾಜಾಗಿದೆ. ಆದರೆ ಅದನ್ನು ನಂಬಿಕೊಂಡು ಮುಂದಿನ ಬೆಳೆಗೆ ಸಾಲ ಮಾಡಿದರೆ ಮನೆ ಮುಳುಗುತ್ತದೆ, ಅಲ್ವಾ?

ಇದೇ ಯಜಮಾನರು ಚುನಾವಣಾ ಸಭೆಯಲ್ಲಿ ಕೂತಾಗ ಏನಾಗುತ್ತದೆ ನೋಡಿ. ವೇದಿಕೆಯಿಂದ ಒಂದು ಸಂಖ್ಯೆ ಬೀಳುತ್ತದೆ. ಬೆಳವಣಿಗೆ ಶೇಕಡಾ ಇಷ್ಟು. ಸಾಲ ಇಷ್ಟು ಲಕ್ಷ ಕೋಟಿ. ಯಾವತ್ತು ಅಂತ ಕೇಳುವವರಿಲ್ಲ. ಎಷ್ಟು ಬಾಕ್ಸು ಅಂತ ಕೇಳುವವರಿಲ್ಲ. ಚಪ್ಪಾಳೆ. ನಾನೂ ತಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅಭ್ಯರ್ಥಿಗಳು ಪೂರ್ತಿ ಸುಳ್ಳು ಸಂಖ್ಯೆ ಹೇಳುವುದು ನಾವು ಅಂದುಕೊಂಡಷ್ಟು ಜಾಸ್ತಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಬಹುಪಾಲು ಅವರು ನಿಜವಾದ ಸಂಖ್ಯೆಯನ್ನೇ ಹೇಳುತ್ತಾರೆ. ಗರಿಷ್ಠ ರೇಟು ಎಷ್ಟು ನಿಜವೋ ಅಷ್ಟು ನಿಜ. ಕೈಚಳಕ ಇರೋದು ಯಾವ ದಿನದ ರೇಟನ್ನು ಎತ್ತಿಕೊಂಡರು ಅನ್ನುವುದರಲ್ಲಿ.

ದಿನದ ಮಾತು ಬಂತಲ್ಲ, ಅದನ್ನೇ ನೋಡೋಣ. 2020ರ ಏಪ್ರಿಲ್‌ನಿಂದ ಜೂನ್. ಲಾಕ್‌ಡೌನ್. ಹೊಲದಲ್ಲೇ ಹಣ್ಣು ಕೊಳೆತದ್ದು ನೀವೆಲ್ಲ ನೋಡಿದ್ದೀರಿ. ಆ ಮೂರು ತಿಂಗಳಲ್ಲಿ ದೇಶದ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪನ್ನ, ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡಾ 24 ಕುಸಿಯಿತು. ಮರುವರ್ಷ ಅದೇ ಮೂರು ತಿಂಗಳಲ್ಲಿ ಶೇಕಡಾ 20.1 ಬೆಳೆಯಿತು ಅಂತ ಅಂಕಿ ಬಂತು. ಆಳುವವರ ಕಡೆಯಿಂದ ದಾಖಲೆ ಬೆಳವಣಿಗೆ ಅಂತ ಪೋಸ್ಟರು ಬಂತು. ಎದುರಿನವರ ಭಾಷಣದಲ್ಲಿ ಅದಾಗಲೇ ದಾಖಲೆ ಕುಸಿತ ಓಡಾಡುತ್ತಿತ್ತು. ಈಗ ನೂರು ರೂಪಾಯಿ ಇಟ್ಟುಕೊಂಡು ಲೆಕ್ಕ ಮಾಡಿ. ನೂರರಲ್ಲಿ 24 ಹೋಯಿತು, ಉಳಿದದ್ದು 76. ಆ 76ಕ್ಕೆ ಶೇಕಡಾ 20 ಸೇರಿಸಿ. 91 ಆಯಿತು. ದಾಖಲೆ ಬೆಳವಣಿಗೆ ಆದ ಮೇಲೂ ಇದ್ದ ಜಾಗಕ್ಕೆ ಬಂದಿಲ್ಲ. ಇಬ್ಬರ ಪೋಸ್ಟರೂ ಸರಿ. ಒಬ್ಬರು ಗುಂಡಿಯ ತಳದಿಂದ ಅಳೆದರು, ಇನ್ನೊಬ್ಬರು ದಡದಿಂದ ಅಳೆದರು.

ಗ್ಯಾಸ್ ಸಿಲಿಂಡರ್ ಕಥೆ ಇದಕ್ಕಿಂತ ಮಜವಾಗಿದೆ. 2013ರ ಕೊನೆಗೆ ನರೇಂದ್ರ ಮೋದಿಯವರು ಪ್ರಚಾರ ಮಾಡುವಾಗ, ಓಟು ಹಾಕೋಕೆ ಹೋಗುವ ಮುಂಚೆ ಮನೆಯ ಸಿಲಿಂಡರಿಗೆ ನಮಸ್ಕಾರ ಮಾಡಿ ಹೋಗಿ ಅನ್ನುವ ಅರ್ಥದ ಮಾತು ಹೇಳಿದ್ದರು. ಹತ್ತು ವರ್ಷ ಆಯಿತು. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅದೇ ಮಾತನ್ನು ಎತ್ತಿ ತಿರುಗಿಸಿ ಬಿಟ್ಟರು. ಆಗ ಬೆಂಗಳೂರಿನಲ್ಲಿ ಸಿಲಿಂಡರಿಗೆ 1,100 ರೂಪಾಯಿ ದಾಟಿತ್ತು.

ಸರಿ, 2014ರಲ್ಲಿ ಎಷ್ಟಿತ್ತು? ಇಲ್ಲಿ ಜಗಳ ಶುರು. ಆಗ ಎರಡು ರೇಟು ಇತ್ತು. ಸಬ್ಸಿಡಿ ಇರುವ ಸಿಲಿಂಡರ್ ದೆಹಲಿಯಲ್ಲಿ ಸುಮಾರು 410 ರೂಪಾಯಿ. ವರ್ಷದ ಕೋಟಾ ಮುಗಿದ ಮೇಲೆ ತರಿಸಿದರೆ ಸಬ್ಸಿಡಿ ಇಲ್ಲ. ಆ ರೇಟು 2014ರ ಜನವರಿಯಲ್ಲಿ 1,200 ದಾಟಿತ್ತು. ಈಗ ಒಂದು ಪಕ್ಷದವರು 410 ಅಂತಾರೆ. ಇನ್ನೊಂದು ಪಕ್ಷದವರು ಆಗಲೇ 1,200 ಇತ್ತಲ್ಲ ಅಂತಾರೆ. ಇಬ್ಬರ ಹತ್ತಿರವೂ ರಸೀದಿ ಇದೆ! ಆದರೆ ಒಂದು ವಿಷಯ ಹೇಳಿ. ಕೋಟಾದೊಳಗೇ ವರ್ಷ ತಳ್ಳುತ್ತಿದ್ದ ಮನೆಯವರು ಕೌಂಟರಿನಲ್ಲಿ ಕೊಟ್ಟದ್ದು ಯಾವ ರೇಟು? ಅದು ಅವರ ಮನೆಯ ಮಾದರಿ ರೇಟು. 1,200 ಅವರ ಪಾಲಿಗೆ ಟಿವಿ ರೇಟು. ಇದನ್ನು ಹೇಳಿದರೆ ನಾನು ಒಂದು ಪಕ್ಷದವನು ಅಂತ ಹಣೆಪಟ್ಟಿ ಅಂಟಿಸುತ್ತಾರೆ. ಸ್ವಲ್ಪ ತಾಳಿ, ಆ ಪಕ್ಷದವರ ಕೈಚಳಕಕ್ಕೂ ಬರುತ್ತೇನೆ.

ಅಂಕಿ ತಿರುಗಿ ಬಂದು ಹೊಡೆಯುವುದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಆರ್ಥರ್ ಓಕನ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ ಇದ್ದರು. ನಿರುದ್ಯೋಗದ ಶೇಕಡಾ, ಬೆಲೆ ಏರಿಕೆಯ ಶೇಕಡಾ ಎರಡನ್ನೂ ಸುಮ್ನೆ ಕೂಡಿಸಿ ಒಂದು ಸಂಖ್ಯೆ ಮಾಡಿದರು. ಜನ ಅದನ್ನು ಗೋಳಿನ ಸೂಚ್ಯಂಕ ಅಂತ ಕರೆದರು. 1976ರಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷ ಫೋರ್ಡ್ ವಿರುದ್ಧ ಅದನ್ನೇ ಹಿಡಿದು ಪ್ರಚಾರ ಮಾಡಿದರು. ಆಗ ಅದು 13ರ ಆಸುಪಾಸು ಇತ್ತು. ಗೆದ್ದರು. 1980ಕ್ಕೆ ಅದೇ ಸಂಖ್ಯೆ 20 ದಾಟಿತು. ರೇಗನ್ ಅದನ್ನೇ ಹಿಡಿದು ಕಾರ್ಟರ್ ಅವರನ್ನು ಸೋಲಿಸಿದರು. ಜೊತೆಗೆ ಟಿವಿ ಚರ್ಚೆಯಲ್ಲಿ ಜನರ ಕಡೆ ತಿರುಗಿ, ನಾಲ್ಕು ವರ್ಷದ ಹಿಂದೆ ಇದ್ದದ್ದಕ್ಕಿಂತ ಈಗ ಚೆನ್ನಾಗಿದ್ದೀರಾ ಅಂತ ಕೇಳಿದರು. ಆ ಪ್ರಶ್ನೆಯಲ್ಲಿ ಒಂದು ಅಂಕಿಯೂ ಇಲ್ಲ. ಗೋಳಿನ ಸೂಚ್ಯಂಕದ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು? ಈ ಪ್ರಶ್ನೆಯನ್ನು ಮಾತ್ರ ಇನ್ನೂ ಎಲ್ಲ ದೇಶದವರೂ ಕದಿಯುತ್ತಾರೆ.

ಈಗ ಶೇಕಡಾ ಮತ್ತು ರೂಪಾಯಿಯ ಆಟ. ನನ್ನ ಪ್ರಕಾರ ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ನಡೆಯುವ ಆಟ ಇದೇ.

ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಭಾಗ ಒಂದಿದೆ. ಯಾರಿಗೆ ಎಷ್ಟು ಅಂತ ಲೆಕ್ಕ ಹಾಕೋದು ಹಣಕಾಸು ಆಯೋಗ. 14ನೇ ಹಣಕಾಸು ಆಯೋಗ ಅದರಲ್ಲಿ ಕರ್ನಾಟಕಕ್ಕೆ ಶೇಕಡಾ 4.713 ಕೊಟ್ಟಿತ್ತು. 15ನೇ ಆಯೋಗ 2021ರಿಂದ ಐದು ವರ್ಷಕ್ಕೆ ಅದನ್ನು 3.647ಕ್ಕೆ ಇಳಿಸಿತು. 2024ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂತ್ರಿಮಂಡಲವನ್ನೇ ಕರೆದುಕೊಂಡು ಹೋಗಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ನಮ್ಮ ತೆರಿಗೆ ನಮ್ಮ ಹಕ್ಕು ಅಂದರು. ಕೇಂದ್ರದ ಉತ್ತರ ಏನು? 2004ರಿಂದ 2014ರವರೆಗೆ ಕರ್ನಾಟಕಕ್ಕೆ ಬಂದದ್ದಕ್ಕಿಂತ ಮುಂದಿನ ಹತ್ತು ವರ್ಷದಲ್ಲಿ ಬಂದ ಹಣ ಮೂರು ಪಟ್ಟಿಗಿಂತ ಜಾಸ್ತಿ. ಲೋಕಸಭಾ ಚುನಾವಣೆ ಎರಡು ತಿಂಗಳಿತ್ತು. ಒಬ್ಬರ ಕೈಯಲ್ಲಿ ಶೇಕಡಾ, ಒಬ್ಬರ ಕೈಯಲ್ಲಿ ರೂಪಾಯಿ.

ಇದನ್ನು ಹಾಲಿನಲ್ಲಿ ಹೇಳುತ್ತೇನೆ. ಕೂಡು ಕುಟುಂಬ. ಮನೆಯಲ್ಲಿ ದಿನಕ್ಕೆ 100 ಲೀಟರ್ ಹಾಲು. ನಿಮ್ಮ ಪಾಲು ನೂರಕ್ಕೆ ನಾಲ್ಕೂಮುಕ್ಕಾಲು. ಆಮೇಲೆ ಹಸು ಜಾಸ್ತಿಯಾಗಿ 300 ಲೀಟರ್ ಆಯಿತು. ನಿಮ್ಮ ಪಾಲನ್ನು ನೂರಕ್ಕೆ ಮೂರೂಮುಕ್ಕಾಲಿಗೆ ಇಳಿಸಿದರು. ಈಗ ನಿಮ್ಮ ಕ್ಯಾನಿಗೆ ಬೀಳುವುದು ಹನ್ನೊಂದೂ ಕಾಲು ಲೀಟರ್. ನಿಮಗೆ ಜಾಸ್ತಿ ಬಂತಾ, ಕಡಿಮೆ ಬಂತಾ?

(ಹಿಂದಿನ ಸಾಲಿನಿಂದ ಒಬ್ಬರು "ಎರಡೂ" ಅಂದರು.)

ಎರಡೂ. ಸರಿಯಾಗಿ ಹೇಳಿದಿರಿ. ಕ್ಯಾನು ತುಂಬಿದೆ, ಪಾಲು ಇಳಿದಿದೆ. ಇನ್ನೊಂದು ಬೇಕಂತಲೇ ಬಿಟ್ಟ ಮಾತಿದೆ. 2005ರ ರೂಪಾಯಿಯೂ 2023ರ ರೂಪಾಯಿಯೂ ಒಂದೇ ಅಲ್ಲ. ಬೆಲೆ ಏರಿಕೆ ಕಳೆಯದೆ ಮೂರು ಪಟ್ಟು ಅಂದರೆ, ನಿಮ್ಮ ತಾತನ ಕಾಲದಲ್ಲಿ ಎಂಟಾಣೆಗೆ ಕಾಫಿ ಸಿಗುತ್ತಿತ್ತು, ಈಗ ಎಷ್ಟು ಪಟ್ಟು ಶ್ರೀಮಂತರಾಗಿದ್ದೀರಿ ನೋಡಿ ಅಂದ ಹಾಗೆ.

ಪಾಲು ಇಳಿದದ್ದು ಯಾಕೆ ಅಂತಲೂ ನೋಡೋಣ. 15ನೇ ಆಯೋಗದ ಸೂತ್ರದಲ್ಲಿ ನೂರಕ್ಕೆ 45 ಅಂಕ ಆದಾಯದ ಅಂತರಕ್ಕೆ. ಶ್ರೀಮಂತ ರಾಜ್ಯಕ್ಕಿಂತ ನೀವು ಎಷ್ಟು ಹಿಂದಿದ್ದೀರೋ ಅಷ್ಟು ಜಾಸ್ತಿ ಪಾಲು. ಕರ್ನಾಟಕದ ತಲಾ ಆದಾಯ ಮೇಲೆ ಹೋಯಿತು, ಪಾಲು ಕೆಳಗೆ ಬಂತು. ತಮಾಷೆ ಏನೆಂದರೆ, ತಲಾ ಆದಾಯದಲ್ಲಿ ನಾವು ಮುಂದು ಅಂತ ಬೀಗುವುದೂ ನಮ್ಮದೇ ನಾಯಕರು, ಎಲ್ಲ ಪಕ್ಷದವರು. ಅದೇ ಕಾರಣಕ್ಕೆ ಪಾಲು ಇಳಿದಾಗ ಅನ್ಯಾಯ ಅನ್ನುವುದೂ ನಮ್ಮವರೇ. ಅನ್ಯಾಯ ಇರಬಹುದು, ಅದರ ಬಗ್ಗೆ ವಾದ ಮಾಡೋಣ. ಆದರೆ ಎರಡು ಭಾಷಣವನ್ನೂ ಒಟ್ಟಿಗೆ ಇಟ್ಟುಕೊಂಡು ವಾದ ಮಾಡಬೇಕು.

ಆಗಲೇ ಕೈಚಳಕಕ್ಕೆ ಬರುತ್ತೇನೆ ಅಂದೆನಲ್ಲ. ಸಾಲದ ಮಾತು ತೆಗೆಯಿರಿ. ರಾಜ್ಯದ ಸಾಲ ಅಂದ ಕೂಡಲೇ ಎದುರಿನವರು ಲಕ್ಷ ಕೋಟಿಗಳಲ್ಲಿ ಮಾತಾಡುತ್ತಾರೆ. ಹುಟ್ಟುವ ಪ್ರತಿ ಮಗುವಿನ ತಲೆ ಮೇಲೆ ಇಷ್ಟು ಸಾಲ ಅಂತಾರೆ. ಆಳುವವರು ತಕ್ಷಣ ಶೇಕಡಾಕ್ಕೆ ಹಾರುತ್ತಾರೆ. ರಾಜ್ಯದ ಒಟ್ಟು ಉತ್ಪನ್ನದ ಶೇಕಡಾ 25ರ ಮಿತಿಯೊಳಗೆ ಇದ್ದೇವೆ, 2002ರ ನಮ್ಮ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ ತಕ್ಕಂತಿದೆ ಅಂತಾರೆ. ಈಗ ಕೇಂದ್ರದ ಸಾಲ ಅನ್ನಿ. ಇಬ್ಬರೂ ಜಾಗ ಬದಲಾಯಿಸುತ್ತಾರೆ. ರೂಪಾಯಿ ಹಿಡಿದವರು ಶೇಕಡಾ ಹಿಡಿಯುತ್ತಾರೆ, ಶೇಕಡಾ ಹಿಡಿದವರು ರೂಪಾಯಿ ಹಿಡಿಯುತ್ತಾರೆ. ನಾನು ಪೇಪರಿನ ತುಂಡುಗಳನ್ನು ಒಂದು ಹಳೆಯ ಬಿಸ್ಕತ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಒಬ್ಬರೇ ನಾಯಕರು ಆಡಳಿತದಲ್ಲಿದ್ದಾಗ ಆಡಿದ್ದು, ವಿರೋಧ ಪಕ್ಷದಲ್ಲಿದ್ದಾಗ ಆಡಿದ್ದು, ಎರಡೂ ಅದರೊಳಗೆ ಪಕ್ಕಪಕ್ಕ ಮಲಗಿವೆ. ಮನೆಯವರು ಅದನ್ನು ರದ್ದಿಗೆ ಹಾಕಿ ಅಂತ ಹೇಳಿ ಹೇಳಿ ಸಾಕಾಗಿದ್ದಾರೆ.

ತಲಾ ಆದಾಯದ ಬಗ್ಗೆ ಇನ್ನೊಂದು ಮಾತು. ಇದು ನಮ್ಮ ಜಿಲ್ಲೆಯದ್ದೇ. ನರಸಾಪುರದಲ್ಲಿ ದೊಡ್ಡ ಕಾರ್ಖಾನೆಗಳು ಬಂದಿವೆ. ಅಲ್ಲಿ ತಯಾರಾದದ್ದರ ಮೌಲ್ಯ ಕೋಲಾರ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತದೆ. ಅದನ್ನು ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಸಂಖ್ಯೆ ಏರುತ್ತದೆ. ಕಂಪನಿಯ ಲಾಭ ಎಲ್ಲಿಗೆ ಹೋಗುತ್ತದೆ ಅನ್ನುವುದು ಆ ಭಾಗಾಕಾರದಲ್ಲಿ ಕಾಣುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಟದವರ ಜೇಬಿಗೆ ಅದು ಬಂತಾ ಅನ್ನುವುದೂ ಕಾಣುವುದಿಲ್ಲ. ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2001ರ ಫೆಬ್ರವರಿ ಕೊನೆಗೆ ಕೆಜಿಎಫ್ ಗಣಿ ಮುಚ್ಚಿತು. ಅಲ್ಲಿವರೆಗೆ ನೂರಿಪ್ಪತ್ತು ವರ್ಷ ನಮ್ಮ ನೆಲದಿಂದ ಚಿನ್ನ ಬಂತು. ಗಣಿಗೆ ಇಳಿದವರು ಎಂಥ ಲೈನ್ ಮನೆಗಳಲ್ಲಿ ಬಾಳಿದರು ಅಂತ ನೋಡಿದವರು ಇಲ್ಲೇ ಇದ್ದೀರಿ. ನೆಲದಿಂದ ಹುಟ್ಟಿದ್ದು ಬೇರೆ, ಮನೆಗೆ ಬಂದದ್ದು ಬೇರೆ.

ಅದು ಸಾಲದು ಅಂತ ಭಾಗಿಸುವ ಸಂಖ್ಯೆಯೇ ಹಳೆಯದು. 2011ರಲ್ಲಿ ಜನಗಣತಿ ಆದಾಗ ಜಿಲ್ಲೆಯ ಜನ 15 ಲಕ್ಷ 36 ಸಾವಿರ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಯಿತು. ಆಮೇಲಿನ ವರ್ಷಗಳ ತಲಾ ಲೆಕ್ಕವೆಲ್ಲ ಅಂದಾಜಿನ ತಲೆಗಳ ಮೇಲೆ ನಿಂತಿದೆ. ದಶಮಾಂಶದವರೆಗೆ ಹೇಳುವ ಅಭ್ಯರ್ಥಿ ಸಿಕ್ಕರೆ ತಲೆ ಎಣಿಸಿದವರು ಯಾರು ಅಂತ ಕೇಳಿ.

ಹೇಳುವ ಸಂಖ್ಯೆಯಷ್ಟೇ ಮುಖ್ಯ, ಹೇಳದೇ ಇಟ್ಟುಕೊಂಡ ಸಂಖ್ಯೆ. 2019ರ ಜನವರಿ. 2017-18ರ ಉದ್ಯೋಗ ಸಮೀಕ್ಷೆ ಮುಗಿದಿತ್ತು. ರಾಷ್ಟ್ರೀಯ ಅಂಕಿಅಂಶ ಆಯೋಗ ಒಪ್ಪಿಗೆ ಕೊಟ್ಟಿತ್ತು. ವರದಿ ಹೊರಗೆ ಬರಲಿಲ್ಲ. ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಅಂಕಿ ಪತ್ರಿಕೆಗೆ ಸೋರಿತು. ನಿರುದ್ಯೋಗ ಶೇಕಡಾ 6.1, ನಲವತ್ತೈದು ವರ್ಷದಲ್ಲೇ ಜಾಸ್ತಿ ಅಂತ ಸುದ್ದಿಯಾಯಿತು. ಸರ್ಕಾರ ಅದು ಕರಡು ಅಂದಿತು. ಚುನಾವಣೆ ಮುಗಿಯಿತು, ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಂಡಿತು. ಅದರ ಮರುದಿನ, ಮೇ 31ಕ್ಕೆ, ವರದಿ ಅಧಿಕೃತವಾಗಿ ಬಂತು. ಅಂಕಿ ಅದೇ, 6.1. ಸಮೀಕ್ಷೆಯ ವಿಧಾನ ಬದಲಾಗಿದೆ, ಹಳೆಯದರ ಜೊತೆ ಹೋಲಿಸಬೇಡಿ ಅಂತ ಸರ್ಕಾರ ಹೇಳಿತು. ಆ ಮಾತಿನಲ್ಲಿ ಹುರುಳಿತ್ತು ಅಂತ ನಾನೂ ಒಪ್ಪುತ್ತೇನೆ. ಆದರೆ ಅದನ್ನು ಜನವರಿಯಲ್ಲೇ, ವರದಿಯನ್ನು ಕೈಯಲ್ಲಿ ಕೊಟ್ಟೇ ಹೇಳಬಹುದಿತ್ತಲ್ಲ? ಹರಾಜು ಮುಗಿದ ಮೇಲೆ ತೂಕದ ಚೀಟಿ ಕೊಟ್ಟರೆ ಯಾವ ರೈತ ಸುಮ್ಮನಿರುತ್ತಾನೆ?

ಇದಕ್ಕೆಲ್ಲ ಕಾನೂನು ಇಲ್ಲವಾ ಅಂತ ಆಗಲೇ ಒಬ್ಬ ಹುಡುಗ ಚೀಟಿ ಕಳಿಸಿದ್ದಾನೆ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ಸುಳ್ಳು ಹೇಳಿಕೆಯ ಮಾತು ಇದೆ. ಆದರೆ ಅದು ಎದುರಾಳಿ ಅಭ್ಯರ್ಥಿಯ ವೈಯಕ್ತಿಕ ನಡತೆ, ಚಾರಿತ್ರ್ಯದಂಥ ವಿಷಯಗಳ ಬಗ್ಗೆ. ಎದುರಾಳಿ ಕುಡುಕ ಅಂತ ಸುಳ್ಳು ಹೇಳಿದರೆ ಆಯ್ಕೆಯೇ ರದ್ದಾಗಬಹುದು. ಜಿಡಿಪಿ ಬಗ್ಗೆ ಏನು ಹೇಳಿದರೂ ಆ ಸೆಕ್ಷನ್‌ಗೆ ಸಂಬಂಧ ಇಲ್ಲ. ಪ್ರಣಾಳಿಕೆಯ ಭರವಸೆಗೆ ಹಣ ಎಲ್ಲಿಂದ ಅಂತ ಸ್ಥೂಲವಾಗಿ ಹೇಳಬೇಕು ಅಂತ ಚುನಾವಣಾ ನೀತಿ ಸಂಹಿತೆಯಲ್ಲಿ ಇದೆ. ಅದನ್ನು ಪಕ್ಷಗಳು ಹೇಗೆ ಪಾಲಿಸುತ್ತವೆ ಅಂತ ನಿಮಗೇ ಗೊತ್ತು.

ಬ್ರಿಟನ್‌ನಲ್ಲಿ ಇದಕ್ಕೇ ಅಂತ ಒಂದು ಕಾವಲು ಸಂಸ್ಥೆ ಇದೆ. 2016ರಲ್ಲಿ ಬ್ರೆಕ್ಸಿಟ್ ಜನಮತ, ಅಂದರೆ ಯುರೋಪಿಯನ್ ಒಕ್ಕೂಟ ಬಿಡಬೇಕಾ ಬೇಡವಾ ಅಂತ ಓಟು ನಡೆದಾಗ, ಬಿಡಬೇಕು ಅನ್ನುವವರು ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಕಳಿಸುತ್ತಿದ್ದೇವೆ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಓಡಾಡಿದರು. ಆ ದೇಶಕ್ಕೆ ಸಿಗುವ ರಿಯಾಯಿತಿ, ತಿರುಗಿ ಬರುವ ಹಣ ಯಾವುದನ್ನೂ ಕಳೆದಿರಲಿಲ್ಲ. ಇದು ದಾರಿ ತಪ್ಪಿಸುವ ಸಂಖ್ಯೆ ಅಂತ ಆ ಸಂಸ್ಥೆ ಬಹಿರಂಗವಾಗಿ ಹೇಳಿತು. ಬಸ್ಸು ಓಡುತ್ತಲೇ ಇತ್ತು. ಅವರೇ ಗೆದ್ದರು.

ಅಂಕಿ ಹೇಳಿದವರೆಲ್ಲ ಗೆಲ್ಲುತ್ತಾರೆ ಅಂತಲೂ ಇಲ್ಲ ಬಿಡಿ. 2004ರಲ್ಲಿ ಭಾರತ ಪ್ರಕಾಶಿಸುತ್ತಿದೆ ಅಂತ ಪ್ರಚಾರ ಮಾಡಿದಾಗ ಹಿಂದಿನ ವರ್ಷದ ಬೆಳವಣಿಗೆ ಶೇಕಡಾ 8ರ ಹತ್ತಿರ ಇತ್ತು. ವಾಜಪೇಯಿ ಸರ್ಕಾರ ಸೋತಿತು.

ಇಲ್ಲಿಗೆ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ. ನಾಲ್ಕೈದು ಪ್ರಶ್ನೆ ಬಂದವು. ಒಂದನ್ನು ಮಾತ್ರ ಬರೆಯುತ್ತೇನೆ.

ಬಿ.ಕಾಂ. ಓದುವ ಹುಡುಗಿ ಎದ್ದು ನಿಂತಳು. ಕೆಲಸದಲ್ಲಿರುವ ಹೆಣ್ಣುಮಕ್ಕಳ ಸಂಖ್ಯೆ ತುಂಬಾ ಏರಿದೆ ಅಂತ ಭಾಷಣದಲ್ಲಿ ಕೇಳಿದೆ, ನಿಜವಾ ಸಾರ್ ಅಂದಳು. ನಿಜ ಅಂದೆ. 2017-18ರಲ್ಲಿ ಹದಿನೈದು ದಾಟಿದ ಹೆಣ್ಣುಮಕ್ಕಳಲ್ಲಿ ಶೇಕಡಾ 23.3 ಮಂದಿ ದುಡಿಯುವವರ, ಕೆಲಸ ಹುಡುಕುವವರ ಲೆಕ್ಕದಲ್ಲಿದ್ದರು. 2023-24ರಲ್ಲಿ ಅದು 41.7. ಸರ್ಕಾರದ್ದೇ ಸಮೀಕ್ಷೆ.

"ನಮ್ಮಮ್ಮ ಎರಡು ಹಸು ಕಟ್ಟಿದ್ದಾರೆ ಸಾರ್. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾರೆ. ಅವರಿಗೆ ಯಾರೂ ಸಂಬಳ ಕೊಡೋದಿಲ್ಲ. ಅವರನ್ನ ಯಾವುದರಲ್ಲಿ ಹಾಕ್ತಾರೆ?"

ಹಾಲು ಡೇರಿಗೆ ಹೋಗುತ್ತದೆ ಅಂದರೆ ಅದು ಮನೆಯ ಉದ್ಯಮ. ಅದರಲ್ಲಿ ಸಂಬಳ ಇಲ್ಲದೆ ದುಡಿಯುವವರನ್ನೂ ಉದ್ಯೋಗದಲ್ಲಿರುವವರು ಅಂತಲೇ ಎಣಿಸುತ್ತಾರೆ. ಏರಿಕೆಯಲ್ಲಿ ದೊಡ್ಡ ಭಾಗ ಸ್ವಂತ ಉದ್ಯೋಗದ್ದು, ಅದರೊಳಗೆ ಇಂಥವರೂ ಇದ್ದಾರೆ ಅಂತ ಹೇಳಿದೆ. ಎಣಿಸುವುದು ತಪ್ಪಲ್ಲ, ಅದು ಕೆಲಸವೇ ತಾನೇ ಅಂತಲೂ ಹೇಳಿದೆ.

"ಹಾಗಾದ್ರೆ ಮನೆಗೆ ಹೋಗಿ, ಅಮ್ಮ ನಿಂಗೆ ಕೆಲಸ ಸಿಕ್ಕಿದೆ ಅಂತ ಹೇಳ್ತೀನಿ" ಅಂದಳು. ಸಭೆಯೆಲ್ಲ ನಕ್ಕಿತು.

ಡೇರಿಯ ಬಟವಾಡೆ ಯಾರ ಖಾತೆಗೆ ಬರುತ್ತದಮ್ಮ ಅಂತ ಕೇಳಿದೆ.

"ಅಪ್ಪನ ಖಾತೆಗೆ ಸಾರ್" ಅಂದು ಕೂತಳು.